ಸುಂಟರಗಾಳಿಗೆ ಸಾಕ್ಷಿ ಯಾರು?

ಪ್ರತಿ ವರ್ಷ ಮೇ ತಿಂಗಳ ಕೊನೆಗೋ ಜೂನ್ ಮೊದಲ ವಾರಕ್ಕೋ ಉತ್ತರ ಕನ್ನಡದ ಕರಾವಳಿಯಿಂದ ಒಂದೇ ಬಗೆಯ ಸುದ್ದಿಗಳು ಬರತೊಡಗುತ್ತವೆ. ಕುಮಟಾದ ಯಾವುದೋ ಮಜರೆಯಲ್ಲಿ ಹೆಂಚು ಹಾರಿತು, ಹೊನ್ನಾವರದ ಕಡೆ ಅಡಿಕೆ ತೋಟ ಮಲಗಿತು, ಭಟ್ಕಳದಲ್ಲಿ ವಿದ್ಯುತ್ ಕಂಬಗಳು ಸಾಲಾಗಿ ಮುರಿದುಬಿದ್ದವು. ಕಾರಣ ತಲೆಬರಹದಲ್ಲೇ ಸಿದ್ಧವಾಗಿರುತ್ತದೆ: ಸುಂಟರಗಾಳಿ. ಹಾನಿ ನಿಜ, ಮಾಡು ಹಾರಿಹೋದ ಮನೆಯವರ ಸಂಕಟವೂ ನಿಜ. ಆದರೆ ಬೀಸಿದ್ದು ಸುಂಟರಗಾಳಿಯೇ ಹೌದೇ ಎಂದು ಕೇಳುವವರು ಕಡಿಮೆ. ಕೇಳಿ, ಪರೀಕ್ಷಿಸಿ, ಬರೆದಿಡುವವರು ಇನ್ನೂ ಕಡಿಮೆ.

ಈ ಪ್ರಶ್ನೆಗೆ ಬೆಲೆಯಿದೆ. ಗಾಳಿ ಯಾವ ಜಾತಿಯದೆಂದು ಗೊತ್ತಾದರೆ ಮಾತ್ರ ಮುಂದಿನ ಸಲ ಎಷ್ಟು ಹೊತ್ತು ಮೊದಲು ಎಚ್ಚರಿಸಬಹುದು, ಮಾಡಿಗೆ ಎಂಥ ಬಿಗಿ ಬೇಕು, ಯಾವ ಮೋಡ ಕಂಡರೆ ದೋಣಿ ದಡಕ್ಕೆ ತಿರುಗಬೇಕು ಎಂಬುದು ತೀರ್ಮಾನವಾಗುತ್ತದೆ. ಪರಿಹಾರದ ಮಾತೂ ಇದೆ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಸರ್ಕಾರ 2022ರಿಂದ 2026ರ ಅವಧಿಗೆ ನಿಗದಿ ಮಾಡಿದ ಪಟ್ಟಿಯಲ್ಲಿ ಚಂಡಮಾರುತ, ಪ್ರವಾಹ, ಆಲಿಕಲ್ಲು ಮಳೆ, ಮೇಘಸ್ಫೋಟ ಸೇರಿ 12 ವಿಪತ್ತುಗಳಿದ್ದವು. ಸುಂಟರಗಾಳಿಯ ಹೆಸರು ಅದರಲ್ಲಿರಲಿಲ್ಲ. ದಾಖಲೆಯೇ ಗಟ್ಟಿಯಿಲ್ಲದ ವಿಪತ್ತಿಗೆ ಪಟ್ಟಿಯಲ್ಲಿ ಜಾಗ ಕೇಳುವುದು ಕಷ್ಟ.

ನಮ್ಮ ಕರಾವಳಿಯಲ್ಲಿ ಮರ ಉರುಳಿಸುವ ಗಾಳಿಗಳು ಮುಖ್ಯವಾಗಿ ಮೂರು. ಮೊದಲನೆಯದು ಚಂಡಮಾರುತ. ನೂರಾರು ಕಿಲೋಮೀಟರ್ ಹರಡಿ, ದಿನಗಟ್ಟಲೆ ಬಾಳುವ ಇದನ್ನು ಉಪಗ್ರಹ ಮೊದಲೇ ಹಿಡಿದುಕೊಡುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ದಡದ ಆಚೆ ಉತ್ತರಕ್ಕೆ ಸಾಗಿ 17ರ ರಾತ್ರಿ ಗುಜರಾತಿಗೆ ಅಪ್ಪಳಿಸಿದ್ದು ಎಲ್ಲರಿಗೂ ನೆನಪಿದೆ. ಎರಡನೆಯದು ಸುಂಟರಗಾಳಿ. ಗುಡುಗು ಮೋಡದ ಬುಡದಿಂದ ನೆಲದವರೆಗೆ ಇಳಿದು ಗಿರಗಿರನೆ ತಿರುಗುವ ಗಾಳಿಯ ಕಂಬ ಅದು. ಅಗಲ ಕೆಲವು ಹತ್ತು ಮೀಟರಿನಿಂದ ಕೆಲವು ನೂರು ಮೀಟರು, ಆಯುಸ್ಸು ಸಾಮಾನ್ಯವಾಗಿ ಕೆಲವೇ ನಿಮಿಷ. ಮೂರನೆಯದರ ಹೆಸರು ಜನಕ್ಕೆ ಅಷ್ಟಾಗಿ ಗೊತ್ತಿಲ್ಲ, ಹಾನಿ ಮಾತ್ರ ಚೆನ್ನಾಗಿ ಗೊತ್ತು. ಗುಡುಗು ಮೋಡದೊಳಗೆ ಮಳೆಯಿಂದ ತಣ್ಣಗಾಗಿ ಭಾರವಾದ ಗಾಳಿ ಒಮ್ಮೆಗೇ ಕೆಳಕ್ಕೆ ಬೀಳುತ್ತದೆ. ಬಿಂದಿಗೆಯ ನೀರನ್ನು ಅಂಗಳಕ್ಕೆ ಸುರಿದಾಗ ಸುತ್ತ ಚಿಮ್ಮುವಂತೆ ಆ ಗಾಳಿ ನೆಲಕ್ಕೆ ಬಡಿದು ಎಲ್ಲ ದಿಕ್ಕಿಗೂ ನುಗ್ಗುತ್ತದೆ. ಇಲ್ಲಿ ತಿರುಗಾಟವಿಲ್ಲ, ನೇರ ಹೊಡೆತ. ವಿಜ್ಞಾನಿಗಳು ಇದನ್ನು ಡೌನ್‌ಬರ್ಸ್ಟ್ ಎನ್ನುತ್ತಾರೆ. ಕುಸಿಗಾಳಿ ಎಂದು ಕರೆಯೋಣ. ಇದರ ವೇಗ ಗಂಟೆಗೆ 200 ಕಿಲೋಮೀಟರ್ ಮೀರಿದ್ದೂ ಉಂಟು. ಮಾಡು ಹಾರಿಸಲು, ಕಂಬ ಮುರಿಯಲು ಅದರ ಅರ್ಧ ಸಾಕು.

ಮನೆಯೊಳಗೆ ಕುಳಿತವರಿಗೆ ಎರಡನೆಯದೂ ಮೂರನೆಯದೂ ಒಂದೇ ತರಹ ಕೇಳಿಸುತ್ತವೆ. ಭಾರೀ ಸದ್ದು, ಕತ್ತಲು, ಎರಡು ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ಹೊರಗೆ ಬಂದವರು ಸುಂಟರಗಾಳಿ ಎಂದರೆ ಅವರನ್ನು ತಪ್ಪು ಎನ್ನಲಾಗದು. ಆದರೆ ಗಾಳಿ ಹೋದ ಮೇಲೂ ಅದರ ಗುರುತು ನೆಲದ ಮೇಲೆ ಉಳಿದಿರುತ್ತದೆ. ಆ ಗುರುತನ್ನು ಓದಲು ಅಡಿಕೆ ತೋಟಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

ಹೊನ್ನಾವರ ತಾಲ್ಲೂಕಿನ ಒಂದೆಕರೆ ತೋಟವನ್ನು ಮನಸ್ಸಿಗೆ ತಂದುಕೊಳ್ಳಿ. ಒಂದೇ ಎತ್ತರದ, ಒಂದೇ ದಪ್ಪದ ನೂರಾರು ಮರಗಳು ಸಾಲು ಹಿಡಿದು ನಿಂತಿವೆ. ಪ್ರತಿ ಮರವೂ ತನ್ನನ್ನು ಕೆಡವಿದ ಗಾಳಿಯ ದಿಕ್ಕಿಗೆ ತಲೆ ಹಾಕಿ ಬೀಳುತ್ತದೆ. ತೋಟದ ಮರಗಳೆಲ್ಲ ಪೂರ್ವಕ್ಕೇ ಒರಗಿದ್ದರೆ ಪಡುವಣದಿಂದ ನೇರ ಗಾಳಿ ಬಂದಿದೆ. ನಡುವಿನ ಒಂದು ಜಾಗದಿಂದ ಸುತ್ತಲೂ ಹೊರಮುಖವಾಗಿ, ಬೀಸಣಿಗೆ ಬಿಚ್ಚಿದ ರೀತಿ ಬಿದ್ದಿದ್ದರೆ ಕುಸಿಗಾಳಿ. ಉದ್ದಕ್ಕೆ ಒಂದು ಕಿರಿದಾದ ಪಟ್ಟಿ ಮಾತ್ರ ನಾಶವಾಗಿ, ಪಟ್ಟಿಯ ಎಡಬಲದ ಮರಗಳು ಒಳಮುಖವಾಗಿ ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದು, ಹತ್ತು ಮಾರು ಆಚೆಯ ಮರಗಳು ನೆಟ್ಟಗೆ ನಿಂತಿದ್ದರೆ ಆಗ ಸುಂಟರಗಾಳಿಯ ಮಾತು ಎತ್ತಬಹುದು. ಇಲ್ಲಿ ಇನ್ನೂ ಎರಡು ಸಂಗತಿ ನೋಡಬೇಕು. ಮರ ನಡುವೆ ಮುರಿದಿದೆಯೋ ಬುಡಸಮೇತ ಕಿತ್ತಿದೆಯೋ? ಮಳೆಗಾಲದ ನೆನೆದ ಮಣ್ಣಿನಲ್ಲಿ ಸಾಧಾರಣ ಗಾಳಿಗೂ ಬೇರು ಸಡಿಲುತ್ತದೆ. ತೋಟ ಇಳಿಜಾರಿನಲ್ಲಿದೆಯೇ? ಹಾಗಿದ್ದರೆ ಮರಗಳು ಇಳಿಜಾರಿನ ಕಡೆಗೂ ವಾಲುತ್ತವೆ. ಇದನ್ನೆಲ್ಲ ಕಳೆದು ಉಳಿಯುವುದೇ ಗಾಳಿಯ ನಿಜವಾದ ಗುರುತು.

ಈ ಓದುವಿಕೆಯನ್ನು ವಿಜ್ಞಾನಕ್ಕೆ ಕಲಿಸಿದವರು ಜಪಾನಿನಲ್ಲಿ ಹುಟ್ಟಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ದುಡಿದ ತೆತ್ಸುಯಾ ಫುಜಿತಾ. 1945ರಲ್ಲಿ ಅಣುಬಾಂಬು ಬಿದ್ದ ಕೆಲವೇ ವಾರಗಳಲ್ಲಿ ಅವರು ನಾಗಸಾಕಿಗೆ ಹೋಗಿ, ಸ್ಫೋಟದ ಕೇಂದ್ರದಿಂದ ಹೊರಮುಖವಾಗಿ ಉರುಳಿದ್ದ ಮರಗಳನ್ನು ಕಂಡಿದ್ದರು. 1974ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಎರಡು ದಿನ ಸಾಲು ಸಾಲು ಸುಂಟರಗಾಳಿಗಳು ಎದ್ದವು. ಆಗ ವಿಮಾನದಿಂದ ಹಾನಿಯ ಸಮೀಕ್ಷೆ ನಡೆಸಿದ ಫುಜಿತಾ ಕೆಲವು ಕಾಡುಗಳಲ್ಲಿ ಅದೇ ನಕ್ಷತ್ರದಾಕಾರ ಕಂಡರು. ಸುಂಟರಗಾಳಿ ಎಂದು ಬರೆದುಕೊಂಡಿದ್ದ ಕೆಲವು ಕಡೆ ಬೀಸಿದ್ದು ನೇರ ಗಾಳಿಯಾಗಿತ್ತು. ಮರುವರ್ಷ, 1975ರ ಜೂನ್ 24ರಂದು, ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದ ಈಸ್ಟರ್ನ್ ಏರ್‌ಲೈನ್ಸ್‌ನ 66ನೇ ವಿಮಾನ ನೆಲಕ್ಕಪ್ಪಳಿಸಿ ನೂರಕ್ಕೂ ಹೆಚ್ಚು ಜನ ಸತ್ತರು. ಕುಸಿಗಾಳಿಯೇ ಕಾರಣ ಎಂದು ಫುಜಿತಾ ತೋರಿಸಿಕೊಟ್ಟರು. ಮುಂದೆ ವಿಮಾನ ನಿಲ್ದಾಣಗಳಲ್ಲಿ ಅದನ್ನು ಪತ್ತೆ ಮಾಡುವ ಉಪಕರಣಗಳು ಬಂದವು, ಪೈಲಟ್‌ಗಳ ತರಬೇತಿ ಬದಲಾಯಿತು. ಎರಡು ಗಾಳಿಗಳನ್ನು ಬೇರೆ ಬೇರೆಯಾಗಿ ಗುರುತಿಸಿದ್ದರಿಂದ ಉಳಿದ ಜೀವಗಳು ಬಹಳ.

ನಮ್ಮಲ್ಲಿ ಉಪಕರಣಗಳು ಇದನ್ನು ಹಿಡಿಯಲಾರವೇ? ಈಗ ಇರುವ ಸ್ಥಿತಿ ನೋಡೋಣ. ಭಾರತೀಯ ಹವಾಮಾನ ಇಲಾಖೆಯ ವೀಕ್ಷಣಾಲಯಗಳು ಈ ಕರಾವಳಿಯಲ್ಲಿ ಕಾರವಾರ, ಹೊನ್ನಾವರ ಮತ್ತು ಭಟ್ಕಳ ತಾಲ್ಲೂಕಿನ ಶಿರಾಲಿಯಲ್ಲಿವೆ. ಹೊನ್ನಾವರಕ್ಕೂ ಶಿರಾಲಿಗೂ ನಡುವೆ ಸುಮಾರು 30 ಕಿಲೋಮೀಟರ್. ನೂರು ಮೀಟರ್ ಅಗಲದ ಸುಂಟರಗಾಳಿ ಆ ಅಂತರದಲ್ಲಿ ಎಲ್ಲಿ ಬೇಕಾದರೂ ಹಾದುಹೋಗಬಹುದು, ಎರಡೂ ಕಡೆಯ ಗಾಳಿಮಾಪಕಕ್ಕೆ ಸುಳಿವೇ ಸಿಗದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರತಿ ಗ್ರಾಮ ಪಂಚಾಯಿತಿಗೆ ಮಳೆಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ಕೂರಿಸಿ 15 ನಿಮಿಷಕ್ಕೊಮ್ಮೆ ಮಾಹಿತಿ ತರಿಸಿಕೊಳ್ಳುತ್ತದೆ. ಇದು ದೊಡ್ಡ ಆಸ್ತಿ. ಆದರೂ ಐದು ನಿಮಿಷದಲ್ಲಿ ಮುಗಿಯುವ ಗಾಳಿ ಅದರ ಬಲೆಗೂ ಸಿಗದೆ ಹೋಗಬಹುದು.

ರೇಡಾರ್? ಪಣಜಿಯಲ್ಲಿ ಡಾಪ್ಲರ್ ರೇಡಾರ್ ಇದೆ. ಅದರ ಕಿರಣ ಸಾಮಾನ್ಯವಾಗಿ ನೆಲಮಟ್ಟದಿಂದ ಅರ್ಧ ಡಿಗ್ರಿ ಮೇಲಕ್ಕೆ ಹೊರಡುತ್ತದೆ. ಭೂಮಿ ಬಾಗಿರುವುದರಿಂದ ದೂರ ಹೋದಷ್ಟೂ ಕಿರಣ ನೆಲದಿಂದ ಮೇಲೇರುತ್ತದೆ. ಸುಮಾರು 130 ಕಿಲೋಮೀಟರ್ ದೂರದ ಕುಮಟಾದ ಮೇಲೆ ಹಾಯುವಾಗ ಅದು 2 ಕಿಲೋಮೀಟರಿಗೂ ಎತ್ತರದಲ್ಲಿರುತ್ತದೆ, ಭಟ್ಕಳ ಮುಟ್ಟುವ ಹೊತ್ತಿಗೆ ಸುಮಾರು ಮೂರೂವರೆ ಕಿಲೋಮೀಟರ್. ಒಂದು ಡಿಗ್ರಿ ಅಗಲದ ಕಿರಣ ಆ ದೂರದಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಹರಡಿಕೊಂಡಿರುತ್ತದೆ. ಮೋಡ ಎಷ್ಟು ದಟ್ಟವಾಗಿದೆ, ಎತ್ತ ಸಾಗಿದೆ ಎಂಬುದು ಗೊತ್ತಾಗುತ್ತದೆ. ಅದರ ಬುಡದಲ್ಲಿ, ಅಘನಾಶಿನಿಯ ಅಳಿವೆಯ ಮೇಲೆ, ನೂರು ಮೀಟರ್ ಅಗಲದ ಗಾಳಿಯ ಕಂಬ ಎದ್ದಿತೇ ಎಂಬುದು ಆ ಕಿರಣಕ್ಕೆ ಕಾಣುವುದೇ ಇಲ್ಲ. ಅಲ್ಲಿಗೆ ಉಳಿಯುವುದು ಮನುಷ್ಯರ ಕಣ್ಣು ಮತ್ತು ನೆಲದ ಗುರುತು, ಎರಡೇ.

ಮನುಷ್ಯರ ಕಣ್ಣನ್ನೇ ನಂಬಿ ಅಮೆರಿಕದಲ್ಲಿ ಒಂದು ಪರಂಪರೆಯೇ ಬೆಳೆಯಿತು. ಗುಡುಗು ಮೋಡದ ಬೆನ್ನು ಹತ್ತಿ ಕಾರು ಓಡಿಸುವ ಬಿರುಗಾಳಿ ಬೇಟೆಗಾರರು ಅಲ್ಲಿ 1950ರ ದಶಕದಿಂದ ಇದ್ದಾರೆ. ಡೇವಿಡ್ ಹೋಡ್ಲಿ ಎಂಬವರು 1956ರಲ್ಲಿ ಶುರುಮಾಡಿದ ಈ ಹವ್ಯಾಸ ಬರಬರುತ್ತ ವಿಜ್ಞಾನದ ಸಾಧನವಾಯಿತು. ಟಿಮ್ ಸಮಾರಾಸ್ ಎಂಬ ಎಂಜಿನಿಯರ್ 2003ರ ಜೂನ್ 24ರಂದು ಸೌತ್ ಡಕೋಟಾದಲ್ಲಿ ಸುಂಟರಗಾಳಿಯ ದಾರಿಯಲ್ಲೇ ಉಪಕರಣ ಇಟ್ಟು, ಅದು ಮೇಲೆ ಹಾದಾಗ ವಾಯುಭಾರ 100 ಮಿಲಿಬಾರ್‌ನಷ್ಟು ಕುಸಿದದ್ದನ್ನು ದಾಖಲಿಸಿದರು. ಹತ್ತು ವರ್ಷಗಳ ಮೇಲೆ, 2013ರ ಮೇ 31ರಂದು, ಓಕ್ಲಹೋಮಾದ ಎಲ್ ರೀನೊ ಬಳಿ ಸುಂಟರಗಾಳಿ ಅನಿರೀಕ್ಷಿತವಾಗಿ ದಿಕ್ಕು ತಿರುಗಿಸಿ ನಾಲ್ಕು ಕಿಲೋಮೀಟರಿಗೂ ಅಗಲವಾಗಿ ಹಿಗ್ಗಿತು. ಸಮಾರಾಸ್, ಅವರ ಮಗ ಪಾಲ್ ಮತ್ತು ಸಹೋದ್ಯೋಗಿ ಕಾರ್ಲ್ ಯಂಗ್ ಮೂವರೂ ಜೀವ ಬಿಟ್ಟರು. ಅತ್ಯಂತ ಎಚ್ಚರಿಕೆಯ ಬೇಟೆಗಾರ ಎಂದು ಹೆಸರಾದವರನ್ನೇ ಗಾಳಿ ಬಿಡಲಿಲ್ಲ.

ಅದೇ ಎಲ್ ರೀನೊ ವರದಿಗಳ ವಿಶ್ವಾಸಾರ್ಹತೆಯ ಬಗ್ಗೆಯೂ ಪಾಠ ಹೇಳಿತು. ಸಂಚಾರಿ ರೇಡಾರ್‌ಗಳು ಅಳೆದ ವೇಗ ಅತಿ ಉಗ್ರ ವರ್ಗದ್ದು. ಆದರೆ ಗಾಳಿ ಹಾದದ್ದು ಬಹುಪಾಲು ಬಯಲು ಹೊಲಗಳ ಮೇಲೆ, ಕೆಡವಲು ಗಟ್ಟಿ ಕಟ್ಟಡಗಳೇ ಇರಲಿಲ್ಲ. ಫುಜಿತಾ 1971ರಲ್ಲಿ ರೂಪಿಸಿದ, 2007ರಲ್ಲಿ ಪರಿಷ್ಕೃತವಾದ ಮಾಪನ ಹಾನಿ ನೋಡಿ ವೇಗ ಊಹಿಸುವಂಥದ್ದು. ಹಾಗಾಗಿ ಅಧಿಕೃತ ದಾಖಲೆಯಲ್ಲಿ ಅದು ನಡುವಿನ ದರ್ಜೆಗೆ, ಇಎಫ್-3ಕ್ಕೆ, ನಿಂತಿತು. ಎಣಿಕೆಯದೂ ಇದೇ ಕಥೆ. 1950ರಿಂದೀಚೆಗೆ ಅಮೆರಿಕದ ಪಟ್ಟಿಯಲ್ಲಿ ಸುಂಟರಗಾಳಿಗಳ ಸಂಖ್ಯೆ ಏರುತ್ತ ಬಂದಿದೆ. ಪರಿಶೀಲಿಸಿದರೆ ಏರಿದ್ದು ಸಣ್ಣ ಸುಂಟರಗಾಳಿಗಳ ಲೆಕ್ಕ ಮಾತ್ರ, ಬಲವಾದವು ಹೆಚ್ಚಿಲ್ಲ. ನೋಡುವವರು, ಫೋನುಗಳು, ರೇಡಾರ್‌ಗಳು ಹೆಚ್ಚಿದಂತೆ ಮೊದಲು ಯಾರಿಗೂ ಕಾಣದೆ ಹೋಗುತ್ತಿದ್ದವು ಕಾಣತೊಡಗಿದವು. ನಮ್ಮಲ್ಲಿ ಈಗೀಗ ಸುಂಟರಗಾಳಿ ಜಾಸ್ತಿಯಾಗಿದೆ ಎನ್ನುವ ಮೊದಲು ಕ್ಯಾಮೆರಾ ಫೋನು ಎಷ್ಟು ಕೈಗಳಿಗೆ ಬಂದಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಮೆರಿಕದ ಬಯಲುಸೀಮೆಯ ಬೇಟೆ ನಮ್ಮ ಕರಾವಳಿಗೆ ಒಗ್ಗುವಂಥದ್ದಲ್ಲ. ಒಂದು ಕಡೆ ಘಟ್ಟ, ಇನ್ನೊಂದು ಕಡೆ ಸಮುದ್ರ, ನಡುವೆ ರಾಷ್ಟ್ರೀಯ ಹೆದ್ದಾರಿ 66. ತೆಂಗು, ಗೇರು, ಗುಡ್ಡಗಳ ಮರೆಯಲ್ಲಿ ಮೋಡದ ಬುಡ ಕಾಣುವುದೇ ಇಲ್ಲ. ಬಾನು ನೀರಿಗೆ ತಾಗುವ ಗೆರೆ ಪೂರ್ತಿ ಕಾಣುವುದು ಪಡುವಣಕ್ಕೆ ಮಾತ್ರ. ಆದ್ದರಿಂದ ಇಲ್ಲಿನ ಅತ್ಯುತ್ತಮ ವೀಕ್ಷಕರು ಮೀನುಗಾರರು. ತದಡಿ, ಹೊನ್ನಾವರ, ಭಟ್ಕಳ ಬಂದರುಗಳಿಂದ ಹೋಗುವ ಬೋಟಿನವರು, ನಾಡದೋಣಿಯವರು ಮೋಡದ ಬಣ್ಣ, ಗಾಳಿಯ ತಂಪು ನೋಡಿ ಬಲೆ ಎಳೆದುಕೊಳ್ಳುವವರು.

ಅವರ ಕಣ್ಣಿಗೆ ಬೀಳುವುದು ಹೆಚ್ಚಾಗಿ ಜಲಸ್ತಂಭ, ಅಂದರೆ ನೀರಿನ ಮೇಲೆ ಏಳುವ ತಿರುಗುವ ಗಾಳಿಯ ಕಂಬ. ಆಕಾಶ ಸಮುದ್ರದ ನೀರು ಹೀರುತ್ತಿದೆ ಎಂಬ ಒಕ್ಕಣೆಯೊಂದಿಗೆ ಇದರ ವಿಡಿಯೋಗಳು ಫೋನಿನಿಂದ ಫೋನಿಗೆ ಹರಿಯುತ್ತವೆ. ನಿಜವಾಗಿ ಆ ಕಂಬದಲ್ಲಿ ಕಾಣುವುದು ಬಹುಪಾಲು ಸಮುದ್ರದ ನೀರಲ್ಲ, ಗಾಳಿಯಲ್ಲಿನ ತೇವ ತಣಿದು ಆದ ಮೋಡ. ಬುಡದಲ್ಲಿ ಏಳುವ ತುಂತುರು ಮಾತ್ರ ಸಮುದ್ರದ್ದು. ಫ್ಲಾರಿಡಾದ ದ್ವೀಪಗಳ ಬಳಿ ಇದನ್ನು ಅಧ್ಯಯನ ಮಾಡಿದ ಜೋಸೆಫ್ ಗೋಲ್ಡನ್ ಐದು ಹಂತ ಗುರುತಿಸಿದರು: ನೀರಿನ ಮೇಲೆ ಕಪ್ಪು ಮಚ್ಚೆ, ಅದರ ಸುತ್ತ ಸುರುಳಿ, ತುಂತುರಿನ ಉಂಗುರ, ಪೂರ್ಣ ಕಂಬ, ಕೊನೆಗೆ ಕರಗುವಿಕೆ. ಇಡೀ ಆಟ ಹೆಚ್ಚಾಗಿ ಐದರಿಂದ ಇಪ್ಪತ್ತು ನಿಮಿಷದ್ದು. ದೂರದಲ್ಲಿ ಸುರಿಯುವ ಮಳೆಯ ಕೋಲು, ಮೋಡದಿಂದ ಜೋತುಬಿದ್ದ ಚಿಂದಿ ಕೂಡ ಕಂಬದಂತೆಯೇ ಕಾಣುತ್ತವೆ. ಅವು ತಿರುಗುವುದಿಲ್ಲ. ಎರಡು ನಿಮಿಷ ಕಣ್ಣಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ವಿಡಿಯೋ ಎಲ್ಲಿಯದೆಂದು ಪತ್ತೆ ಮಾಡಲು ನಮ್ಮ ತೀರ ಒಳ್ಳೆಯ ಗುರುತುಗಳನ್ನು ಕೊಟ್ಟಿದೆ: ಮುರುಡೇಶ್ವರದ ಗೋಪುರ, ಅದರಾಚೆಯ ನೇತ್ರಾಣಿ, ಹೊನ್ನಾವರದೆದುರಿನ ಬಸವರಾಜದುರ್ಗ. ಚೌಕಟ್ಟಿನಲ್ಲಿ ಇವುಗಳಲ್ಲಿ ಒಂದು ಇದ್ದರೆ ಊರು ಸಿಕ್ಕಿತು. ಮುರುಡೇಶ್ವರದಿಂದ ಒಬ್ಬರು, ಹೊನ್ನಾವರದ ಕಾಸರಕೋಡದಿಂದ ಇನ್ನೊಬ್ಬರು ಒಂದೇ ಹೊತ್ತಿಗೆ ತೆಗೆದ ಎರಡು ಚಿತ್ರಗಳಿದ್ದರೆ ನಕ್ಷೆಯ ಮೇಲೆ ಎರಡು ಗೆರೆ ಎಳೆಯಬಹುದು. ಗೆರೆಗಳು ಸೇರುವಲ್ಲಿ ಜಲಸ್ತಂಭ ನಿಂತಿತ್ತು. ಊರು, ತಾರೀಖು, ಹೊತ್ತು ಇಲ್ಲದ ವಿಡಿಯೋ ಎಷ್ಟೇ ಬೆರಗು ಹುಟ್ಟಿಸಿದರೂ ಸಾಕ್ಷಿಯಾಗುವುದಿಲ್ಲ.

ಮೊದಲ ವರದಿಯನ್ನೇ ಕೊನೆಯದೆಂದು ಹಿಡಿಯಬಾರದು ಎಂಬುದಕ್ಕೆ ಇತ್ತೀಚಿನ ಉದಾಹರಣೆ ಇಟಲಿಯದು. 2024ರ ಆಗಸ್ಟ್ 19ರ ನಸುಕಿನಲ್ಲಿ ಸಿಸಿಲಿಯ ಪೋರ್ತಿಚೆಲ್ಲೊ ಬಳಿ ಲಂಗರು ಹಾಕಿದ್ದ ಬೇಯೇಷಿಯನ್ ಎಂಬ ವಿಲಾಸಿ ಹಾಯಿಹಡಗು ಮುಳುಗಿ, ಹಡಗಿನಲ್ಲಿದ್ದ 22 ಜನರಲ್ಲಿ 7 ಮಂದಿ ಸತ್ತರು. ಜಗತ್ತಿನ ಮಾಧ್ಯಮಗಳೆಲ್ಲ ಜಲಸ್ತಂಭ ಬಡಿಯಿತು ಎಂದು ಬರೆದವು. ಒಂದೇ ವಾರದೊಳಗೆ ತನಿಖೆಯ ಅಧಿಕಾರಿಗಳು ಕುಸಿಗಾಳಿಯ ಸಾಧ್ಯತೆಯೇ ಹೆಚ್ಚು ಎಂದರು. ಹಡಗಿನವರಿಗೆ ಈ ವ್ಯತ್ಯಾಸ ಮುಖ್ಯ. ಜಲಸ್ತಂಭ ದೂರದಿಂದ ಕಾಣುತ್ತದೆ, ತಪ್ಪಿಸಿಕೊಳ್ಳಲು ಹೊತ್ತು ಸಿಗುತ್ತದೆ. ಕುಸಿಗಾಳಿ ಕಣ್ಣಿಗೆ ಕಾಣದೆ ಬರುತ್ತದೆ, ಮೋಡ ಕಂಡಾಗಲೇ ಸಜ್ಜಾಗಬೇಕು.

ಹಾಗಾದರೆ ನಮ್ಮಲ್ಲಿ ಸುಂಟರಗಾಳಿ ಬರುವುದೇ ಇಲ್ಲವೇ? ಹಾಗೆನ್ನುವುದೂ ಅವಸರದ ತೀರ್ಪು. ಉಪಖಂಡದಲ್ಲಿ ಸುಂಟರಗಾಳಿಯ ತವರು ಬಂಗಾಳ. ಪಶ್ಚಿಮದ ಒಣ ಬಿಸಿಗಾಳಿ ಬಂಗಾಳ ಕೊಲ್ಲಿಯ ತೇವದ ಗಾಳಿಯ ಮೇಲೆ ಹಾಯುವ ಮಾರ್ಚ್‌, ಏಪ್ರಿಲ್‌, ಮೇ ತಿಂಗಳುಗಳಲ್ಲಿ ಅಲ್ಲಿ ಭೀಕರ ಗುಡುಗು ಮೋಡಗಳು ಏಳುತ್ತವೆ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ ಮತ್ತು ಸತುರಿಯಾಗಳಲ್ಲಿ ಸುಮಾರು 1,300 ಜನರನ್ನು ಕೊಂದ ಸುಂಟರಗಾಳಿ ದಾಖಲಾದವುಗಳಲ್ಲೇ ಅತ್ಯಂತ ಮಾರಕ. ದಿಲ್ಲಿಯಲ್ಲೂ 1978ರ ಮಾರ್ಚ್ 17ರಂದು ವಿಶ್ವವಿದ್ಯಾಲಯದ ಸುತ್ತಲಿನ ಪ್ರದೇಶ ಸುಂಟರಗಾಳಿಗೆ ಸಿಕ್ಕಿತ್ತು. 2021ರ ಮೇ 25ರಂದು ಯಾಸ್ ಚಂಡಮಾರುತ ದಡ ಸೇರುವ ಮುನ್ನ ಪಶ್ಚಿಮ ಬಂಗಾಳದ ಹೂಗ್ಲಿ ತೀರದಲ್ಲಿ ಸುಂಟರಗಾಳಿ ಎದ್ದಿತು. ಚಂಡಮಾರುತದ ಅಂಚಿನ ಮಳೆಪಟ್ಟಿಗಳಲ್ಲಿ ಹೀಗೆ ಸಣ್ಣ ಸುಂಟರಗಾಳಿಗಳು ಹುಟ್ಟುವುದುಂಟು. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಾಗ ನಮ್ಮ ದಡಕ್ಕೂ ಆ ಸಾಧ್ಯತೆ ಇದೆ. ಜಲಸ್ತಂಭ ಗಾಳಿಯ ಜೊತೆ ದಡಕ್ಕೇರಿದರೆ ಅದೂ ಸುಂಟರಗಾಳಿಯೇ. ಎಷ್ಟು ಸಲ ಹೀಗಾಗಿದೆ ಎಂಬುದನ್ನು ಹೇಳಲು ಬೇಕಾದದ್ದು ಪರೀಕ್ಷೆಗೆ ನಿಲ್ಲುವ ದಾಖಲೆ.

ಬೇರೆಯವರು ಅದನ್ನು ಹೇಗೆ ಕಟ್ಟಿಕೊಂಡರು ನೋಡಿ. ಯುರೋಪಿನ ತೀವ್ರ ಹವಾಮಾನ ದಾಖಲೆಯಲ್ಲಿ ಪ್ರತಿ ವರದಿಗೂ ದರ್ಜೆ ಇದೆ. ಬಂದ ಹಾಗೇ ಬರೆದುಕೊಂಡದ್ದು, ಸಂಭವನೀಯವೆಂದು ಕಂಡದ್ದು, ದೃಢಪಟ್ಟದ್ದು, ಪೂರ್ಣ ಪರಿಶೀಲನೆ ಆದದ್ದು, ಹೀಗೆ ನಾಲ್ಕು ಮೆಟ್ಟಿಲು. ವರದಿ ಕೊಟ್ಟವರನ್ನು ಯಾರೂ ಸುಳ್ಳರೆನ್ನುವುದಿಲ್ಲ, ಆದರೆ ಪರೀಕ್ಷೆಯಿಲ್ಲದೆ ಮೇಲಿನ ಮೆಟ್ಟಿಲೂ ಸಿಗುವುದಿಲ್ಲ. ಜಪಾನ್ 2016ರಲ್ಲಿ ಫುಜಿತಾ ಮಾಪನವನ್ನು ತನ್ನ ನೆಲಕ್ಕೆ ಹೊಂದಿಸಿಕೊಂಡಿತು. ಅಲ್ಲಿನ ಮರದ ಮನೆ, ಪ್ಲಾಸ್ಟಿಕ್ ಹಸಿರುಮನೆ, ರಸ್ತೆಬದಿಯ ಮಾರಾಟ ಯಂತ್ರ, ಸಮಾಧಿಯ ಕಲ್ಲು ಕೂಡ ಯಾವ ವೇಗಕ್ಕೆ ಉರುಳುತ್ತವೆ ಎಂದು ಲೆಕ್ಕ ಹಾಕಿ ಪಟ್ಟಿಗೆ ಸೇರಿಸಿತು. ನಮ್ಮ ಕರಾವಳಿಗೆ ಹಾಗೊಂದು ಪಟ್ಟಿ ಬೇಕಾಗಿದೆ. ಅಡಿಕೆ ಮರ ಯಾವ ವೇಗಕ್ಕೆ ಮುರಿಯುತ್ತದೆ, ಮಂಗಳೂರು ಹೆಂಚು ಯಾವ ವೇಗಕ್ಕೆ ಏಳುತ್ತದೆ, ತಗಡಿನ ಶೀಟು ಎಷ್ಟಕ್ಕೆ ಹಾರುತ್ತದೆ, ಸಿಮೆಂಟಿನ ಕಂಬ ಎಷ್ಟಕ್ಕೆ ಬಾಗುತ್ತದೆ? ಎಂಜಿನಿಯರಿಂಗ್ ಕಾಲೇಜುಗಳು, ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಗಳು ಕೂಡಿ ಮಾಡಬಹುದಾದ ಕೆಲಸ ಇದು.

ಅಲ್ಲಿಯವರೆಗೆ ಕಾಯುವುದೂ ಬೇಡ. ಗಾಳಿ ಬಿದ್ದ ಮರುದಿನ ಗ್ರಾಮ ಆಡಳಿತ ಅಧಿಕಾರಿ ಬಂದು ಪಂಚನಾಮೆ ಬರೆಯುತ್ತಾರೆ. ಎಷ್ಟು ಹೆಂಚು, ಎಷ್ಟು ಮರ, ಎಷ್ಟು ರೂಪಾಯಿ ಎಂಬುದು ಅದರ ಮುಖ್ಯ ಲೆಕ್ಕ. ಅದೇ ಹಾಳೆಯಲ್ಲಿ ಇನ್ನು ನಾಲ್ಕು ಸಾಲು ಸೇರಿದರೆ ಅದು ಹವಾಮಾನದ ದಾಖಲೆಯೂ ಆಗುತ್ತದೆ: ಗಾಳಿ ಬೀಸಿದ ಹೊತ್ತು, ಹಾನಿಯಾದ ಪಟ್ಟಿಯ ಉದ್ದ ಮತ್ತು ಅಗಲ, ಮರಗಳು ತಲೆ ಹಾಕಿದ ದಿಕ್ಕು, ತಿರುಗುವ ಕಂಬವನ್ನು ಕಣ್ಣಾರೆ ಕಂಡವರಿದ್ದಾರೆಯೇ. ಹೋಬಳಿ ಕೇಂದ್ರದ ಆ ಹೊತ್ತಿನ ಗಾಳಿಯ ಅಂಕಿಯನ್ನು ಪಕ್ಕದಲ್ಲಿ ಬರೆದರೆ ಇನ್ನೂ ಒಳ್ಳೆಯದು. ಕಂಬ ಮುರಿದಲ್ಲಿಗೆ ಎಲ್ಲರಿಗಿಂತ ಮೊದಲು ಓಡುವವರು ಹೆಸ್ಕಾಂನ ಲೈನ್‌ಮನ್‌ಗಳು. ರಸ್ತೆ, ತಂತಿ ಬಿಡಿಸಲು ಮರ ಕಡಿಯಲೇಬೇಕು, ಜನ ಕತ್ತಲಲ್ಲಿರುವಾಗ ತಡಮಾಡುವಂತಿಲ್ಲ. ಗರಗಸ ಹಾಕುವ ಮೊದಲು ಫೋನಿನಲ್ಲಿ ನಾಲ್ಕು ಚಿತ್ರ ತೆಗೆಯಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ತಪ್ಪಿದರೆ ಸಂಜೆಯೊಳಗೆ ಸಾಕ್ಷಿ ಪೂರ್ತಿ ಅಳಿದಿರುತ್ತದೆ.

ಇದನ್ನು ಓದಿ ಯಾರೂ ಮೋಡದ ಹಿಂದೆ ಓಡಬಾರದು. ಗಾಳಿ ಎದ್ದಾಗ ಗಟ್ಟಿ ಗೋಡೆಯ ಒಳಕೋಣೆಯಲ್ಲಿರಿ, ತೆಂಗಿನ ಮರ, ತಗಡಿನ ಮಾಡು, ತಂತಿಗಳಿಂದ ದೂರವಿರಿ. ಸಮುದ್ರದಲ್ಲಿ ಜಲಸ್ತಂಭ ಕಂಡರೆ ಅದು ಸಾಗುವ ದಾರಿಗೆ ಅಡ್ಡಲಾಗಿ ದೂರ ಸರಿಯಿರಿ. ಬೀಚಿನಲ್ಲಿ ನಿಂತು ಚಿತ್ರ ತೆಗೆಯಲು ಹೋಗಿ ಸಿಡಿಲಿಗೆ ಬಲಿಯಾಗಬೇಡಿ. ಸಾಕ್ಷಿ ಸಂಗ್ರಹಿಸುವ ಕೆಲಸ ಗಾಳಿ ಪೂರ್ತಿ ನಿಂತು, ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಖಾತ್ರಿಯಾದ ಮೇಲಿನದು.

ಪತ್ರಿಕೆ, ವಾಹಿನಿಗಳ ಸ್ಥಳೀಯ ವರದಿಗಾರರಲ್ಲಿ ಒಂದು ವಿನಂತಿ: ಪರೀಕ್ಷೆಯಾಗುವವರೆಗೆ ಬಿರುಗಾಳಿ ಎಂದೇ ಬರೆಯಿರಿ, ಜೊತೆಗೆ ಮರಗಳು ಯಾವ ದಿಕ್ಕಿಗೆ ಬಿದ್ದಿವೆ ಎಂಬ ಒಂದು ವಾಕ್ಯ ಸೇರಿಸಿ. ಜಿಲ್ಲಾಡಳಿತದಲ್ಲಿ ಇನ್ನೊಂದು ವಿನಂತಿ: ಮುಂದಿನ ಮಳೆಗಾಲಕ್ಕೆ ಮುನ್ನ ಪಂಚನಾಮೆಯ ನಮೂನೆಯಲ್ಲಿ ಆ ನಾಲ್ಕು ಸಾಲುಗಳಿಗೆ ಜಾಗ ಮಾಡಿಕೊಡಿ. ತೋಟಿಗರೇ, ಮೀನುಗಾರ ಬಂಧುಗಳೇ, ನೀವು ಕಂಡದ್ದನ್ನು ಹೊತ್ತು, ಊರು, ದಿಕ್ಕು ಸಮೇತ ಬರೆದು ಪಂಚಾಯಿತಿಗೆ ಕೊಡಿ. ಭಟ್ಕಳ, ಹೊನ್ನಾವರ, ಕುಮಟಾಗಳ ಗಾಳಿಯ ಚರಿತ್ರೆಯನ್ನು ಬರೆಯಬಲ್ಲವರು ಅದರಡಿ ಬದುಕುವ ನೀವೇ.